ತುಂಬು ಗರ್ಭಿಣಿಯ ಸೊಂಟ ನೋವು: ಸಹಿಸಿಕೊಂಡೇ ಇರಬೇಕಾಗಿಲ್ಲ

ಏಳು ತಿಂಗಳು ದಾಟುತ್ತಿದ್ದಂತೆ ಅನೇಕ ಗರ್ಭಿಣಿಯರಿಗೆ ಹೊಸದೊಂದು ನೋವು ಶುರುವಾಗುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ತೊಡೆಯ ಸಂದಿಯಲ್ಲಿ ಕೊಯ್ದಂತಾಗುತ್ತದೆ. ಮೆಟ್ಟಿಲು ಹತ್ತುವಾಗ ಸೊಂಟವೇ ಕಳಚಿ ಬೀಳುವಂತೆ ಅನಿಸುತ್ತದೆ. ಒಂಟಿ ಕಾಲಲ್ಲಿ ನಿಂತು ಸಲ್ವಾರ್ ಹಾಕಿಕೊಳ್ಳುವುದೂ ಕಷ್ಟ. ಮನೆಯಲ್ಲಿ ಹೇಳಿಕೊಂಡರೆ, "ಬಸುರಿ ಎಂದ ಮೇಲೆ ನೋವು ಇರುವುದೇ, ನಾವೆಲ್ಲ ಹೆರಲಿಲ್ಲವೇ?" ಎಂಬ ಉತ್ತರ ಸಿಗುತ್ತದೆ. ಹಾಗಾಗಿ ಎಷ್ಟೋ ಮಂದಿ ವೈದ್ಯರ ಮುಂದೆಯೂ ಬಾಯಿ ಬಿಡುವುದಿಲ್ಲ.

ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರನ್ನು ಈ ನೋವು ಕಾಡುತ್ತದೆ. ಇದರಿಂದ ಮಗುವಿಗೆ ಹಾನಿಯಿಲ್ಲ. ಆದರೆ ನಿರ್ಲಕ್ಷಿಸಿದರೆ ತಾಯಿಗೆ ನಡೆಯುವುದು, ನಿದ್ರಿಸುವುದು ಕೂಡಾ ಕಷ್ಟವಾದೀತು. ಬೇಗನೇ ಗಮನ ಹರಿಸಿದರೆ ಸಾಕಷ್ಟು ಕಡಿಮೆ ಮಾಡಿಕೊಳ್ಳಬಹುದು.

ಕಾರಣವೇನು?

ಸೊಂಟದ ಮೂಳೆಗಳು ಬಳೆಯಂತೆ ಜೋಡಣೆಯಾಗಿವೆ. ಮುಂಭಾಗದಲ್ಲಿ ಕಿಬ್ಬೊಟ್ಟೆಯ ಕೆಳಗೆ ಒಂದು ಕೀಲು, ಹಿಂಭಾಗದಲ್ಲಿ ಬೆನ್ನೆಲುಬಿನ ಬುಡದ ಇಕ್ಕೆಲಗಳಲ್ಲಿ ಎರಡು ಕೀಲುಗಳಿವೆ. ಮುಂದಿನ ಕೀಲಿನಲ್ಲಿ ಸಾಮಾನ್ಯವಾಗಿ 4-5 ಮಿ.ಮೀ. ಅಂತರವಿರುತ್ತದೆ. ಗರ್ಭ ಧರಿಸಿದಾಗ ಹಾರ್ಮೋನುಗಳ ಪ್ರಭಾವದಿಂದ ಕೀಲಿನ ಕಟ್ಟುಗಳು ಸಡಿಲಗೊಂಡು ಈ ಅಂತರ 2-3 ಮಿ.ಮೀ. ಹೆಚ್ಚುತ್ತದೆ. ಜೊತೆಗೆ ಹೊಟ್ಟೆಯ ಭಾರ, ಬದಲಾದ ನಡಿಗೆ. ಕೀಲುಗಳ ಮೇಲೆ ಒತ್ತಡ ಸಮನಾಗಿ ಬೀಳದಿದ್ದಾಗ ನೋವು ಕಾಣಿಸಿಕೊಳ್ಳುತ್ತದೆ.

ದಿನನಿತ್ಯ ಹೀಗೆ ಮಾಡಿ

* ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟುಕೊಳ್ಳಿ. ಮಗ್ಗುಲು ಬದಲಿಸುವಾಗ ಎರಡೂ ಮೊಣಕಾಲುಗಳನ್ನು ಜೋಡಿಸಿಕೊಂಡೇ ಹೊರಳಿ.
* ಬಟ್ಟೆ ತೊಡುವಾಗ ಕುಳಿತುಕೊಳ್ಳಿ. ಕಾರು, ರಿಕ್ಷಾ ಹತ್ತುವಾಗ ಮೊದಲು ಕುಳಿತು, ಬಳಿಕ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತನ್ನಿ.
* ಮೆಟ್ಟಿಲನ್ನು ಒಂದೊಂದಾಗಿ, ಕಡಿಮೆ ನೋವಿರುವ ಕಾಲನ್ನು ಮುಂದಿಟ್ಟು ಹತ್ತಿ.
* ದೊಡ್ಡ ಮಗುವನ್ನು ಸೊಂಟದ ಒಂದೇ ಬದಿಗೆ ಎತ್ತಿಕೊಳ್ಳಬೇಡಿ. ತುಂಬಿದ ಕೊಡ ಹೊರುವುದು, ಕುಕ್ಕರಗಾಲಲ್ಲಿ ಕುಳಿತು ನೆಲ ಒರೆಸುವುದು, ಬಟ್ಟೆ ಒಗೆಯುವುದನ್ನು ಬಿಟ್ಟುಬಿಡಿ. ತರಕಾರಿ ಹೆಚ್ಚುವುದಿದ್ದರೆ ಮೇಜಿನ ಮುಂದೆ ಕುಳಿತು ಹೆಚ್ಚಿ.
* ಶೌಚಕ್ಕೆ ಸಾಧ್ಯವಾದರೆ ಕಮೋಡ್ ಬಳಸಿ.

ಹಾಗೆಂದು ದಿನವಿಡೀ ಮಲಗಿರುವುದೂ ಸರಿಯಲ್ಲ. ನೋವಾಗದಷ್ಟು ನಡೆಯಿರಿ, ನಡುನಡುವೆ ವಿಶ್ರಾಂತಿ ಪಡೆಯಿರಿ. ನಿಂತು ನಮಾಝ್ ನಿರ್ವಹಿಸಲಾಗದವರಿಗೆ ಕುಳಿತು ನಿರ್ವಹಿಸಲು ಅನುಮತಿಯಿದೆ. ಕುರ್ಚಿ ಬಳಸಲು ಸಂಕೋಚ ಬೇಡ.

ಚಿಕಿತ್ಸೆ

ಫಿಸಿಯೋಥೆರಪಿ ತಜ್ಞರು ಹೊಟ್ಟೆ, ಸೊಂಟ ಮತ್ತು ಗರ್ಭಕೋಶದ ಕೆಳಗಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಕಲಿಸುತ್ತಾರೆ. ಅಗತ್ಯವಿದ್ದರೆ ಸೊಂಟದ ಬೆಲ್ಟ್ ಸೂಚಿಸುತ್ತಾರೆ. ನೋವಿರುವ ಬೆನ್ನಿನ ಬದಿಗೆ ಹದವಾದ ಬಿಸಿ ಶಾಖ ಹಿತವೆನಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು ಮಾತ್ರ ಅಪಾಯ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯ, ಮೂತ್ರಪಿಂಡಕ್ಕೆ ತೊಂದರೆ ಉಂಟುಮಾಡಬಲ್ಲವು. ಪ್ಯಾರಾಸಿಟಮಾಲ್ ಕೂಡಾ ವೈದ್ಯರು ಹೇಳಿದಷ್ಟೇ ಇರಲಿ.

ಈ ನೋವಿದ್ದರೂ ಹೆಚ್ಚಿನವರಿಗೆ ಸಹಜ ಹೆರಿಗೆ ಸಾಧ್ಯ. ಕಾಲುಗಳನ್ನು ಎಷ್ಟು ಅಗಲಿಸಿದಾಗ ನೋವಾಗುತ್ತದೆಂದು ವೈದ್ಯರಿಗೆ, ದಾದಿಯರಿಗೆ ಮೊದಲೇ ತಿಳಿಸಿ. ಹೆರಿಗೆಯ ನಂತರ ಹೆಚ್ಚಿನವರ ನೋವು ಶಮನವಾಗುತ್ತದೆ. ಉಳಿದುಕೊಂಡರೆ ಮತ್ತೆ ತೋರಿಸಿ. ಬಾಣಂತಿಗೆ ಎಣ್ಣೆ ತಿಕ್ಕುವಾಗ ಕಾಲುಗಳನ್ನು ಎಳೆದು ಅಗಲಿಸುವುದು ಬೇಡ.

ಇವು ಅಪಾಯದ ಸೂಚನೆಗಳು

ಎಲ್ಲಾ ನೋವೂ ಕೀಲಿನದ್ದಲ್ಲ. ರಕ್ತಸ್ರಾವ, ನೀರು ಹೋಗುವುದು, ಬಿಟ್ಟು ಬಿಟ್ಟು ಕ್ರಮವಾಗಿ ಬರುವ ಹೊಟ್ಟೆ ನೋವು, ಮಗುವಿನ ಚಲನೆ ಕಡಿಮೆಯಾಗುವುದು, ಜ್ವರ, ಉರಿಮೂತ್ರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು - ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. 37 ವಾರ ತುಂಬುವ ಮೊದಲೇ ಹೆರಿಗೆ ನೋವು ಬಂದರೆ ವಿಳಂಬ ಸಲ್ಲದು.

ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. 2016ರಲ್ಲಿ ಆರಂಭವಾದ ಈ ಯೋಜನೆಯ ಪ್ರಯೋಜನವನ್ನು ನಾಲ್ಕನೇ ತಿಂಗಳಿನಿಂದಲೇ ಪಡೆಯಬಹುದು. ತಾಯಿ ಕಾರ್ಡ್ ಜೊತೆಗಿರಲಿ, ನೋವಿನ ವಿಷಯವನ್ನೂ ಹೇಳಿ.

ಕೊನೆಗೆ ಮನೆಯವರಿಗೊಂದು ಮಾತು. ಈ ನೋವು ಹೊರಗೆ ಕಾಣುವಂಥದ್ದಲ್ಲ. ಬಾವಿಲ್ಲ, ಗಾಯವಿಲ್ಲ. ಆದ್ದರಿಂದ ಸೊಸೆ ಸೋಮಾರಿಯೆಂದು ಭಾವಿಸುವುದು ಸುಲಭ. ಗಂಡ ನೀರಿನ ಕೊಡ ಎತ್ತಿಕೊಟ್ಟರೆ, ಅತ್ತೆ ಒಂದು ಕುರ್ಚಿ ತಂದಿಟ್ಟು "ಕೂತುಕೋ ಮಗಳೇ" ಎಂದರೆ ಆಕೆಯ ಅರ್ಧ ನೋವು ಅಲ್ಲಿಯೇ ಇಳಿಯುತ್ತದೆ.