ಬರೆದಿಟ್ಟ ವಿಧಾನ, ಪಳಗಿದ ಕೈ

ದೇಸೂರಿನಿಂದ ದಿನಾ ಬೆಳಗಾವಿಗೆ ಬಸ್ಸಿನಲ್ಲಿ ಓಡಾಡುವ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಪ್ರೋಟೊಕಾಲ್‌ನಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಮಾಡಿದೆ ಸರ್, ಆದರೂ ಪಿಸಿಆರ್ ಕೈಕೊಟ್ಟಿತು. ಅದೇ ಮಷೀನು, ಅದೇ ಕೆಮಿಕಲ್ಲು, ನಮ್ಮ ಸೀನಿಯರ್ ಅಕ್ಕ ಮಾಡಿದರೆ ಜೆಲ್‌ನಲ್ಲಿ ಬ್ಯಾಂಡ್ ಬರುತ್ತದೆ. ಮತ್ತೆ, ಯಾರು ಮಾಡಿದರೂ ಒಂದೇ ಫಲಿತಾಂಶ ಬರೋದೇ ವಿಜ್ಞಾನ ಅಂತ ಕಲಿಸ್ತೀರಲ್ಲ?’

ತೂಕದ ಪ್ರಶ್ನೆ. ಎಲ್ಲಿ ಎಡವಟ್ಟಾಗಿರಬಹುದು ಎಂಬುದನ್ನು ಮೊದಲು ನೋಡೋಣ. ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್‌ಗೆ ಬೇಕಾದ ಟ್ಯಾಕ್ ಕಿಣ್ವವನ್ನು ಸಾಮಾನ್ಯವಾಗಿ ಅರ್ಧಕ್ಕರ್ಧ ಗ್ಲಿಸರಿನ್‌ನಲ್ಲಿ ಇಟ್ಟಿರುತ್ತಾರೆ. ಅದರಿಂದಾಗಿ ಮೈನಸ್ 20 ಡಿಗ್ರಿಯಲ್ಲೂ ಅದು ಹೆಪ್ಪುಗಟ್ಟುವುದಿಲ್ಲ. ಆದರೆ ಈ ದ್ರವ ನೀರಿಗಿಂತ ಮಂದ, ನೀರಿಗಿಂತ ಭಾರ. ಪಿಪೆಟ್ಟಿನ ತುದಿಯನ್ನು ಆಳಕ್ಕೆ ಅದ್ದಿದರೆ ಹೊರಮೈಗೂ ಒಂದಿಷ್ಟು ಅಂಟಿಕೊಂಡು ಬರುತ್ತದೆ. ಹೆಬ್ಬೆರಳನ್ನು ಸರಕ್ಕನೆ ಬಿಟ್ಟರೆ ಅಳತೆಯಷ್ಟು ಒಳಗೆ ಏರುವುದೇ ಇಲ್ಲ. ಟ್ಯೂಬಿಗೆ ಹಾಕಿದ ಮೇಲೆ ಸರಿಯಾಗಿ ಬೆರೆಸದಿದ್ದರೆ ತಳದಲ್ಲಿ ಕೂರುತ್ತದೆ. ಪ್ರೋಟೊಕಾಲ್ ಹೇಳುವುದು ‘ಕಿಣ್ವ ಸೇರಿಸಿ’ ಎಂದಷ್ಟೇ. ತುದಿಯನ್ನು ಮೇಲ್ಮೈಗೆ ತಾಗಿಸಿದಷ್ಟೇ ಅದ್ದಬೇಕು, ಹೆಬ್ಬೆರಳನ್ನು ನಿಧಾನಕ್ಕೆ ಬಿಡಬೇಕು, ಒಂದು ಕ್ಷಣ ತಡೆಯಬೇಕು ಎಂಬುದು ಸೀನಿಯರ್ ಅಕ್ಕನ ಕೈಯಲ್ಲಿದೆ. ಹಾಗೆ ಮಾಡುತ್ತಿದ್ದೇನೆಂಬ ಅರಿವು ಬಹುಶಃ ಅವರಿಗೂ ಇರಲಾರದು.

ಆ ಹುಡುಗಿಯ ಬಸ್ಸು ಖಾನಾಪುರ ರಸ್ತೆಯಲ್ಲಿ, ಫೌಂಡ್ರಿಗಳಿರುವ ಉದ್ಯಮಬಾಗ ದಾಟಿಯೇ ಊರೊಳಗೆ ಬರುತ್ತದೆ. ಬೆಳಗಾವಿಗೆ ಹೆಸರು ತಂದ ಫೌಂಡ್ರಿ ಕಸುಬನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಪಳಗಿದ ಮೋಲ್ಡರ್ ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಮುರಿದು ನೋಡುತ್ತಾನೆ. ಬೆರಳಚ್ಚು ಸ್ಪಷ್ಟವಾಗಿ ಮೂಡಿ ಉಂಡೆ ಚೊಕ್ಕವಾಗಿ ಎರಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಅಂಗೈಗೆ ಮೆತ್ತಿಕೊಂಡರೆ ನೀರು ಹೆಚ್ಚು. ಕಾದ ಲೋಹ ಸುರಿದಾಗ ಆವಿ ಎದ್ದು ಎರಕದೊಳಗೆ ತೂತು ಬೀಳುತ್ತದೆ. ತೇವಾಂಶ ಅಳೆಯುವ ಯಂತ್ರ ಬಂದಮೇಲೂ ಈ ಮುಷ್ಟಿಪರೀಕ್ಷೆ ಹೋಗಿಲ್ಲ. ಹೊಸಬ ಅದನ್ನು ಕಲಿಯುವ ದಾರಿ ಒಂದೇ: ಹಳಬನ ಪಕ್ಕದಲ್ಲಿ ನಿಂತು ಒತ್ತುವುದು, ಬೈಸಿಕೊಳ್ಳುವುದು, ಮತ್ತೆ ಒತ್ತುವುದು.

ಪ್ರಯೋಗಾಲಯದಲ್ಲೂ ಹೀಗೇ ಎಂಬುದನ್ನು ಬ್ರಿಟನ್ನಿನ ಸಮಾಜವಿಜ್ಞಾನಿ ಹ್ಯಾರಿ ಕಾಲಿನ್ಸ್ 1974ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಟಿಇಎ ಎಂಬ ಬಗೆಯ ಲೇಸರನ್ನು ಕಟ್ಟಲು ಹೊರಟ ಪ್ರಯೋಗಾಲಯಗಳನ್ನು ಅವರು ಸುತ್ತಿದರು. ಅಚ್ಚಾದ ಲೇಖನವೊಂದನ್ನೇ ನಂಬಿ ಕಟ್ಟಿ ಗೆದ್ದವರು ಒಬ್ಬರೂ ಸಿಗಲಿಲ್ಲ. ಗೆದ್ದವರೆಲ್ಲ ಅದಾಗಲೇ ಲೇಸರ್ ನಡೆಸುತ್ತಿದ್ದವರ ಬಳಿ ಓಡಾಡಿದವರು, ಅವರೊಡನೆ ಮಾತಾಡಿದವರು. ಕೆಪಾಸಿಟರ್‌ನಿಂದ ಎಲೆಕ್ಟ್ರೋಡ್‌ಗೆ ಹೋಗುವ ತಂತಿ ತೀರ ಗಿಡ್ಡವಾಗಿರಬೇಕಿತ್ತು. ಗೆದ್ದವರ ತಂತಿ ಗಿಡ್ಡವಾಗಿಯೇ ಇತ್ತು, ಆದರೆ ಅದೇ ಮುಖ್ಯವೆಂದು ಎಷ್ಟೋ ಮಂದಿಗೆ ಹೊಳೆದೇ ಇರಲಿಲ್ಲ.

ಬೆಳಗಾವಿಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಂದರೆ ಇವತ್ತಿನವರಿಗೆ ಮರಗಳ ನೆರಳು, ಬೆಳಗಿನ ವಾಕಿಂಗ್, ಮೈದಾನದ ಕ್ರಿಕೆಟ್. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಮುಂಬೈ ಪ್ರಾಂತದ ಕಾಲದಲ್ಲಿ ಶುರುವಾದ ಈ ಸಂಸ್ಥೆ, ಸಿಡುಬು ನಿರ್ಮೂಲನದ ದಿನಗಳಲ್ಲಿ ಒಣಲಸಿಕೆ ತಯಾರಿಸಿದ ದೇಶದ ನಾಲ್ಕು ಕೇಂದ್ರಗಳಲ್ಲಿ ಒಂದು. ಉಳಿದ ಮೂರು ಹೈದರಾಬಾದ್, ಮದ್ರಾಸಿನ ಗಿಂಡಿ ಮತ್ತು ಕುಮಾವೂಂ ಬೆಟ್ಟದ ಪಟ್ವಾಡಾಂಗರ್.

ಸಿಡುಬಿನ ಲಸಿಕೆ ಹುಟ್ಟುತ್ತಿದ್ದುದು ಕರುವಿನ ಮೈಮೇಲೆ. ಕರುವಿನ ಪಕ್ಕೆ, ಹೊಟ್ಟೆಯ ಕೂದಲು ಬೋಳಿಸಿ, ತೊಳೆದು, ಚರ್ಮವನ್ನು ಗೆರೆಗೆರೆಯಾಗಿ ಗೀರಿ, ಬೀಜಲಸಿಕೆ ಹಚ್ಚುತ್ತಿದ್ದರು. ಗೀರು ಆಳವಾದರೆ ರಕ್ತ ಬಂದು ವೈರಸ್ಸು ಕೊಚ್ಚಿಹೋಗುತ್ತದೆ, ತೇಲಿದರೆ ಹತ್ತುವುದಿಲ್ಲ. ನಾಲ್ಕೈದು ದಿನಕ್ಕೆ ಗೀರುಗಳುದ್ದಕ್ಕೂ ಬೊಕ್ಕೆ ಏಳುತ್ತವೆ. ಬೇಗ ಕೆರೆದರೆ ಇಳುವರಿ ಕಡಿಮೆ, ತಡ ಮಾಡಿದರೆ ಹಕ್ಕಳೆ ಕಟ್ಟಿ ಕೀವು ಸೇರುತ್ತದೆ. ಯಾವ ಗಳಿಗೆಯಲ್ಲಿ ಕೆರೆಯಬೇಕೆಂಬುದನ್ನು ಕಣ್ಣೇ ಹೇಳಬೇಕು. ಕೆರೆದು ತೆಗೆದದ್ದನ್ನು ಅರೆದು, ಗ್ಲಿಸರಿನ್ ಬೆರೆಸಿ, ವಾರಗಟ್ಟಲೆ ತಂಪಿನಲ್ಲಿಡುತ್ತಿದ್ದರು. ಲಂಡನ್ನಿನ ಮಾಂಕ್ಟನ್ ಕೋಪ್‌ಮನ್ 1891ರಲ್ಲಿ ತೋರಿಸಿದಂತೆ, ಗ್ಲಿಸರಿನ್‌ನಲ್ಲಿ ಬ್ಯಾಕ್ಟೀರಿಯಾ ಮೊದಲು ಸಾಯುತ್ತವೆ, ಲಸಿಕೆಯ ವೈರಸ್ಸು ಉಳಿಯುತ್ತದೆ. ನಮ್ಮ ವಿದ್ಯಾರ್ಥಿನಿಯನ್ನು ಕಾಡಿದ್ದೂ ಅದೇ ಗ್ಲಿಸರಿನ್.

ದ್ರವಲಸಿಕೆ ಬಿಸಿಲಿಗೆ ಬೇಗ ಕೆಡುತ್ತಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ 1950ರ ದಶಕದಲ್ಲಿ ಪೆಪ್ಟೋನ್ ಸೇರಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುವ ವಿಧಾನ ಕಂಡುಹಿಡಿದು ಪ್ರಕಟಿಸಿದರು. ವಿಧಾನ ಎಲ್ಲರ ಕೈಸೇರಿತು, ಒಳ್ಳೆಯ ಲಸಿಕೆ ಮಾತ್ರ ಎಲ್ಲ ಕಡೆ ಬರಲಿಲ್ಲ. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಅಭಿಯಾನ ಶುರುಮಾಡಿ ತಪಾಸಣೆಗಿಳಿದಾಗ, ರೋಗಪೀಡಿತ ದೇಶಗಳಲ್ಲಿ ಬಳಕೆಯಲ್ಲಿದ್ದ ಲಸಿಕೆಯ ಬಹುಪಾಲು ಮಟ್ಟಕ್ಕೆ ನಿಲ್ಲಲಿಲ್ಲ. ಆಗ ಮಾಡಿದ ಕೆಲಸ ನನಗೆ ಇಡೀ ಅಭಿಯಾನದಲ್ಲೇ ಅತ್ಯಂತ ಮೆಚ್ಚುಗೆಯದು. 1968ರಲ್ಲಿ ಜಿನೀವಾದಲ್ಲಿ ಬೇರೆಬೇರೆ ದೇಶಗಳ ಲಸಿಕೆ ತಯಾರಕರನ್ನು ಒಟ್ಟಿಗೆ ಕೂರಿಸಿ, ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳುವ ಕೈಪಿಡಿ ಬರೆಸಿದರು. ಅದಷ್ಟೇ ಸಾಲದೆಂದು ತಜ್ಞರನ್ನು ಪ್ರಯೋಗಾಲಯಗಳಿಗೇ ಕಳಿಸಿದರು. ಮಾದರಿಗಳನ್ನು ಟೊರಾಂಟೊ ಮತ್ತು ನೆದರ್ಲೆಂಡ್ಸಿನಲ್ಲಿ ಪರೀಕ್ಷಿಸಿ, ಕೊರತೆಯಿದ್ದರೆ ತಯಾರಕರಿಗೆ ತಿಳಿಸುತ್ತಿದ್ದರು. 37 ಡಿಗ್ರಿಯಲ್ಲಿ ನಾಲ್ಕು ವಾರವಿಟ್ಟರೂ ಲಸಿಕೆಯ ಕಸುವು ಉಳಿಯಬೇಕೆಂಬುದು ಕಟ್ಟುನಿಟ್ಟಾಯಿತು. ಬಾಹ್ಯಾಕಾಶಕ್ಕೆ ಹಾರಿದ್ದರ ಕಥೆ ಹೇಳುವಷ್ಟು ಉತ್ಸಾಹದಿಂದ ಇದನ್ನೂ ಮಕ್ಕಳಿಗೆ ಹೇಳಬೇಕಿತ್ತು.

ಲಸಿಕೆ ಹಾಕುವ ಕಡೆ ಇನ್ನೊಂದು ಜಾಣತನ ನಡೆಯಿತು. ವೈತ್ ಕಂಪನಿಯ ಬೆಂಜಮಿನ್ ರುಬಿನ್ 1960ರ ದಶಕದಲ್ಲಿ ಎರಡು ಮೊನೆಯ ಸೂಜಿ ರೂಪಿಸಿದರು. ಅದ್ದಿದರೆ ಮೊನೆಗಳ ನಡುವೆ ಬೇಕಾದಷ್ಟೇ ಲಸಿಕೆ ನಿಲ್ಲುತ್ತದೆ. ತೋಳಿಗೆ 15 ಸಲ ಚುಚ್ಚಿದರೆ ಮುಗಿಯಿತು, ಹಳ್ಳಿಯ ಹುಡುಗರೂ ಬೇಗ ಕಲಿತರು. ಅಳತೆಯ ಕಸುಬು ಕೈಯಿಂದ ಸಲಕರಣೆಗೆ ದಾಟಿತ್ತು. ಇಂದು ಪಿಪೆಟ್ ಹಿಡಿಯುವ ರೋಬಾಟ್‌ಗಳು ಮಾಡಹೊರಟಿರುವುದೂ ಇದನ್ನೇ. ಆದರೆ ಅವು ಬಂದರೆ ಕೈ ಪಳಗಿಸುವ ಕೆಲಸವೇ ಇರದು ಎಂಬ ಪ್ರಚಾರವನ್ನು ನಾನು ನಂಬುವುದಿಲ್ಲ. ಮಂದ ದ್ರವಕ್ಕೆ ರೋಬಾಟ್ ಎಷ್ಟು ನಿಧಾನವಾಗಿ ಹೀರಬೇಕೆಂದು ಯಾರೋ ಬಲ್ಲವರೇ ಹೊಂದಿಸಿಕೊಡಬೇಕು.

ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಆಮೇಲೆ ಕರುಗಳನ್ನು ಗೀರುವ ಕೆಲಸ ನಿಂತಿತು. ಅಮೆರಿಕದಲ್ಲಿ 2007ರಲ್ಲಿ ಪರವಾನಗಿ ಪಡೆದ ಸಿಡುಬಿನ ಲಸಿಕೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಅಂಥ ಕೋಶಗಳನ್ನು ಬೆಳೆಸುವವರ ಕೈಪಿಡಿಗಳಲ್ಲಿ ‘ಕೋಶಗಳು ತಟ್ಟೆಯ ಶೇ 80ರಷ್ಟು ಹರಡಿದಾಗ’ ಮುಂದಿನ ಹೆಜ್ಜೆಗೆ ಹೋಗಿ ಎಂದಿರುತ್ತದೆ. ಎಂಬತ್ತು ಎಂದರೆ ಎಷ್ಟು ಎಂಬುದನ್ನು ಹೊಸಬರು ಇವತ್ತಿಗೂ ಸೀನಿಯರ್ ಪಕ್ಕದಲ್ಲಿ ನಿಂತು, ಒಂದೇ ಸೂಕ್ಷ್ಮದರ್ಶಕದಲ್ಲಿ ಸರದಿಯ ಮೇಲೆ ಕಣ್ಣಿಟ್ಟು ಕಲಿಯುತ್ತಾರೆ.