ಗುಂಪಿನ ಒತ್ತಾಯ, ಗೆಳೆಯನ ನಂಬಿಕೆ

ಸಂಜೆಯ ಹೊತ್ತು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮಾತಿಗೆ ನಿಂತ ಗೆಳೆಯರ ಒಂದು ಗುಂಪನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಲ್ಲದ ಒಬ್ಬನ ಮೇಲೆ ಅಪವಾದದ ಮಾತು ಏಳುತ್ತದೆ. ಅವನು ನಿರಪರಾಧಿಯೆಂದು ಬಲ್ಲ ಆಪ್ತನೊಬ್ಬ ಅಲ್ಲಿಯೇ ಇದ್ದಾನೆ. ‘ನೀನು ನಮ್ಮ ಕಡೆಯೋ, ಅವನ ಕಡೆಯೋ?’ ಎಂದು ಉಳಿದವರು ಕೇಳಿದಾಗ ಅವನು ತಲೆ ತಗ್ಗಿಸಿ ಹೂಂಗುಟ್ಟುತ್ತಾನೆ. ಮನೆಗೆ ಬಂದು, ‘ಎಲ್ಲರೂ ಒತ್ತಾಯಿಸಿದರು, ನಾನೇನು ಮಾಡಲಿ?’ ಎಂದು ತನ್ನನ್ನು ತಾನೇ ಸಂತೈಸಿಕೊಳ್ಳುತ್ತಾನೆ. ಈ ಸಮಾಧಾನವನ್ನು ಧರ್ಮವು ಒಪ್ಪುತ್ತದೆಯೇ?

ಸಮಾಜದ ಒತ್ತಡವನ್ನು ಜೈನಧರ್ಮ ಅರಿಯದೆ ಇಲ್ಲ. ಉಪಾಸಕದಶಾಂಗ ಸೂತ್ರದಲ್ಲಿ ಆನಂದನೆಂಬ ಗೃಹಸ್ಥನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಶ್ರಾವಕವ್ರತ ಸ್ವೀಕರಿಸುವಾಗ, ಅನ್ಯರಿಗೆ ವಂದನೆ ಸಲ್ಲಿಸದಿರುವ ನಿಯಮಕ್ಕೆ ಕೆಲವು ವಿನಾಯಿತಿಗಳನ್ನು ಹೇಳಿಕೊಳ್ಳುತ್ತಾನೆ. ರಾಜಾಭಿಯೋಗದೊಡನೆ ಗಣಾಭಿಯೋಗವೂ, ಅಂದರೆ ಸಮುದಾಯದ ಒತ್ತಾಯವೂ, ಅವುಗಳಲ್ಲಿ ಒಂದು. ಆದರೆ ಆ ವಿನಾಯಿತಿ ವಂದನೆ, ಉಪಚಾರಗಳಂಥ ಹೊರನಡೆಗೆ ಮಾತ್ರ. ಸುಳ್ಳಾಡುವುದಕ್ಕೂ ನಂಬಿದವನನ್ನು ನೋಯಿಸುವುದಕ್ಕೂ ಅದು ಅನುಮತಿಯಲ್ಲ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ. ಏಕಾಂತದ ಸಂಗತಿಯನ್ನು ಬಯಲು ಮಾಡುವುದು, ಒಪ್ಪಿಸಿದ ಇಡುಗಂಟನ್ನು ಅಪಹರಿಸುವುದು ಅವುಗಳಲ್ಲಿ ಸೇರಿವೆ. ಗೆಳೆಯನ ವಿಶ್ವಾಸವೂ ನಮ್ಮಲ್ಲಿರಿಸಿದ ಇಡುಗಂಟೇ ಅಲ್ಲವೇ? ‘ನಾನು ಮಾತೇ ಆಡಲಿಲ್ಲ, ಸುಮ್ಮನೆ ತಲೆಯಾಡಿಸಿದೆ’ ಎಂದರೂ ಬಿಡುಗಡೆಯಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಗೆಯಿಂದ ಕರ್ಮಬಂಧವಾಗುತ್ತದೆ, ತಲೆಯಾಡಿಸಿದ್ದು ಅನುಮೋದನವೇ.

ಜೈನಕವಿ ಪಂಪನ ವಿಕ್ರಮಾರ್ಜುನ ವಿಜಯದ ಕರ್ಣನನ್ನು ನೆನೆಯೋಣ. ಜನ್ಮರಹಸ್ಯ ತಿಳಿದ ಮೇಲೂ, ಕೃಷ್ಣನೂ ಹೆತ್ತ ತಾಯಿ ಕುಂತಿಯೂ ಕರೆದರೂ ಅವನು ದುರ್ಯೋಧನನನ್ನು ಕೈಬಿಡಲಿಲ್ಲ. ಪಗಡೆಯಾಟದಲ್ಲಿ ಭಾನುಮತಿಯ ಹಾರದ ಮುತ್ತುಗಳು ಚೆಲ್ಲಿದಾಗಲೂ ತನ್ನನ್ನು ಸಂದೇಹಿಸದ ಒಡೆಯನ ನಂಬಿಕೆಯೇ ಅವನಿಗೆ ರಾಜ್ಯಕ್ಕಿಂತ ದೊಡ್ಡದಾಯಿತು. ಅವನ ನಿಷ್ಠೆ ವಂದನೀಯ. ಆದರೂ ಗೆಳೆಯನ ಅನ್ಯಾಯಕ್ಕೆ ಹೆಗಲು ಕೊಟ್ಟದ್ದು ಅವನ ಕೊರತೆಯಾಗಿಯೇ ಉಳಿಯಿತು.

ಹಾಗಾದರೆ ಗೆಳೆಯ ನಿಜವಾಗಿಯೂ ತಪ್ಪಿದ್ದರೆ? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತೀಕರಣ ಎಂಬ ಎರಡು ಇಲ್ಲಿ ದಾರಿ ತೋರುತ್ತವೆ. ಒಬ್ಬನ ದೋಷವನ್ನು ಬೀದಿಗೆ ತಂದು ಹರಾಜು ಹಾಕದಿರುವುದು ಉಪಗೂಹನ. ಜಾರುತ್ತಿರುವವನನ್ನು ಕೈಹಿಡಿದು ನಿಲ್ಲಿಸುವುದು ಸ್ಥಿತೀಕರಣ. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯು, ದೀಕ್ಷೆ ಪಡೆದೂ ಮನೆಯ ಮೋಹ ಬಿಡದ ಗೆಳೆಯನನ್ನು ಸಂಘದ ಮುಂದೆ ಹಳಿಯಲಿಲ್ಲ. ಅವನನ್ನು ಅರಮನೆಗೆ ಕರೆದೊಯ್ದು, ತಾನು ತೊರೆದು ಬಂದ ವೈಭವವನ್ನು ತೋರಿಸಿದನು. ಗೆಳೆಯ ನಾಚಿದನು, ವ್ರತದಲ್ಲಿ ನೆಲೆಗೊಂಡನು. ಅನ್ಯರಿಗೆ ಹಾನಿಯಾಗುವ ತಪ್ಪನ್ನು ಅಡಗಿಸಿಡುವುದು ಮಾತ್ರ ಉಪಗೂಹನವಲ್ಲ. ಅಂಥಲ್ಲಿ ಮೊದಲು ಅವನ ಮುಖಕ್ಕೇ ಹೇಳಬೇಕು, ತಿದ್ದಿಕೊಳ್ಳಲು ಅವನ ಜೊತೆಗೆ ನಿಲ್ಲಬೇಕು. ಅವನು ಒಪ್ಪದಿದ್ದರೆ, ನೋಯುವವರ ರಕ್ಷಣೆಗೆ ನಿಜವನ್ನೇ ನುಡಿಯಬೇಕು. ಅದು ದ್ರೋಹವಲ್ಲ.

ಒತ್ತಡವು ನಮ್ಮ ಭಯಕ್ಕೆ ಕಾರಣ ಹೇಳಬಲ್ಲದು, ದ್ರೋಹವನ್ನು ಧರ್ಮವಾಗಿಸಲಾರದು. ಈಗಾಗಲೇ ತಪ್ಪಿದವರಿಗೂ ಬಾಗಿಲು ಮುಚ್ಚಿಲ್ಲ. ಆಲೋಚನೆ, ಪ್ರತಿಕ್ರಮಣಗಳು ಇರುವುದು ಅದಕ್ಕಾಗಿಯೇ. ಆದರೆ ಬಸದಿಯಲ್ಲಿ ಕಣ್ಣು ಮುಚ್ಚಿ ಕುಳಿತರಷ್ಟೇ ಸಾಲದು. ಗೆಳೆಯನ ಮನೆಯ ಬಾಗಿಲಿಗೆ ಹೋಗಿ ಕ್ಷಮೆ ಬೇಡಬೇಕು. ಯಾರ ಮುಂದೆ ಹೂಂಗುಟ್ಟಿದ್ದೆವೋ ಅವರ ಮುಂದೆಯೇ ‘ಅಂದು ನಾನು ಹೆದರಿದ್ದೆ, ಅವನದು ತಪ್ಪಿರಲಿಲ್ಲ’ ಎನ್ನಬೇಕು. ಆ ಒಂದು ಮಾತೇ ನಿಜವಾದ ಪ್ರತಿಕ್ರಮಣ.