ಹಳಿಯ ಮೇಲೆ ಓಡುವ ನಾಲ್ವರು

ಸಿರುಗುಪ್ಪ, ಕುರುಗೋಡುಗಳ ಜನರಿಗೆ ರೈಲು ಎಂದರೆ ಬಳ್ಳಾರಿ. ತಮ್ಮ ಊರಿಗೆ ಹಳಿಯಿಲ್ಲವಾಗಿ ಬಸ್ಸಿನಲ್ಲಿ ಬಂದು ಇಲ್ಲಿಯೇ ಗಾಡಿ ಹಿಡಿಯಬೇಕು. ಹೊಸಪೇಟೆಯತ್ತ ಹೊರಟು ಕುಡತಿನಿ, ದರೋಜಿಗಳನ್ನು ದಾಟುವಾಗ ಕಿಟಕಿಯ ಬಳಿ ಕುಳಿತವರ ಕಣ್ಣಿಗೆ ಒಮ್ಮೊಮ್ಮೆ ಒಂದು ಸಣ್ಣ ಬಂಡಿ ಬೀಳುವುದುಂಟು: ನಾಲ್ಕು ಪುಟ್ಟ ಗಾಲಿ, ಹಲಗೆಯ ಪೀಠ, ಕೊಡೆ, ಕೆಂಪು ಬಾವುಟ. ಹಳಿಯ ಪಕ್ಕಕ್ಕೆ ಇಳಿಸಿಟ್ಟ ಆ ಬಂಡಿಯ ಬಳಿ ನಾಲ್ವರು ಬೆವರೊರೆಸಿಕೊಳ್ಳುತ್ತ ನಿಂತಿರುತ್ತಾರೆ. ಅದೇ ತಳ್ಳುವ ಟ್ರಾಲಿ.

ಹಳಿಯ ಜೋಡಣೆ ಸಡಿಲವಾಗಿದೆಯೆ, ಜಲ್ಲಿ ಕುಸಿದಿದೆಯೆ ಎಂಬುದನ್ನು ಓಡುವ ರೈಲಿನಿಂದ ಕಾಣಲಾಗದು. ಅದಕ್ಕೆಂದೇ ಹಳಿ ಇನ್‌ಸ್ಪೆಕ್ಟರರು ಟ್ರಾಲಿಯ ಮೇಲೆ ಕುಳಿತು ಸಾಗುವರು. ಇಬ್ಬರು ಹಳಿಯ ನೆತ್ತಿಯ ಮೇಲೆಯೇ ಓಡುತ್ತ ತಳ್ಳುವರು; ಇನ್ನಿಬ್ಬರು ಕುಳಿತು ದಣಿವಾರಿಸಿಕೊಂಡು ಸರದಿಗೆ ಇಳಿಯುವರು. ಅಂಗೈ ಅಗಲವೂ ಇಲ್ಲದ ಉಕ್ಕಿನ ಮೇಲೆ, ಎಷ್ಟೋ ವೇಳೆ ಬರಿಗಾಲಿನಲ್ಲಿ! ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಾವಿಗೆ ಹಿಗ್ಗಿದ ಹಳಿ ಸೊಟ್ಟಗಾದೀತೆಂದು ಭಯಪಡುವ ದಿನಗಳಲ್ಲಿಯೇ ಈ ತಪಾಸಣೆಗೆ ಬೆಲೆ ಹೆಚ್ಚು. ಓಡುವ ಕಾಲಿಗೆ ಸಂಕಟವೂ ಆಗಲೇ.

ರೈಲ್ವೆ ನಿಯಮಾವಳಿ ಟ್ರಾಲಿಯನ್ನು ಗುರುತಿಸುವ ಬಗೆ ಸ್ವಾರಸ್ಯವಾಗಿದೆ. ನಾಲ್ವರು ಹಳಿಯಿಂದ ಎತ್ತಿಡಬಲ್ಲದು ಟ್ರಾಲಿ. ಅದಕ್ಕಿಂತ ಭಾರವಾದುದು ಲಾರಿ. ಹಳಿ, ದಿಮ್ಮಿಗಳನ್ನು ಹೇರಬೇಕಾದುದು ಲಾರಿಯ ಮೇಲೆ. ತುರ್ತಿನ ಹೊರತು ಟ್ರಾಲಿಗೆ ಅಂಥ ಹೊರೆ ಸಲ್ಲದು. ಸೇರು, ಮಣಗಳ ಮಾತೇ ಇಲ್ಲ. ಮನುಷ್ಯರ ತೋಳೇ ಇಲ್ಲಿ ತಕ್ಕಡಿ.

ಕಾರಣವಿದೆ. ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ರೈಲಿನ ಇರವನ್ನು ತಿಳಿಯುವ ಏರ್ಪಾಟಿರುವಲ್ಲಿ, ಟ್ರಾಲಿಯ ಗಾಲಿಗಳ ನಡುವೆ ವಿದ್ಯುತ್ತು ಹರಿಯದಂತೆ ಮಾಡಿರುತ್ತಾರೆ. ಇಲ್ಲವಾದರೆ ಈ ಪುಟ್ಟ ಬಂಡಿಯೇ ರೈಲೆಂದು ಸಿಗ್ನಲ್ ಮೋಸಹೋದೀತು. ಹೀಗಾಗಿ ಸಿಗ್ನಲಿನ ಕಣ್ಣಿಗೆ ಟ್ರಾಲಿಯೂ ಇಲ್ಲ, ಅದರ ಮೇಲಿನ ಐವರೂ ಇಲ್ಲ. ತಿರುವಿನಾಚೆ ಬಾವುಟ ಹಿಡಿದವನೊಬ್ಬ ಮುಂದೆ ನಡೆಯಬೇಕು; ಶಿಳ್ಳು ಕೇಳಿತೋ, ಇನ್‌ಸ್ಪೆಕ್ಟರರು ಇಳಿದು, ನಾಲ್ವರು ಬಂಡಿಯನ್ನೆತ್ತಿ ದೂರಕ್ಕಿಡಬೇಕು.

1880ರ ದಶಕದಲ್ಲಿ ಈ ದಾರಿಗೆ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್ ಗೇಜ್. 1990ರ ದಶಕದಲ್ಲಿ ಅದು 1,676 ಮಿಲಿಮೀಟರಿನ ಅಗಲ ಹಳಿಯಾಯಿತು, ಟ್ರಾಲಿಯೂ ಅಗಲವಾಯಿತು. ಎತ್ತುವವರ ಲೆಕ್ಕ ಮಾತ್ರ ನಾಲ್ಕೇ. ಈಗ ಹಳಿಯ ಓರೆಕೋರೆಗಳನ್ನು ಓಡುತ್ತಲೇ ದಾಖಲಿಸುವ ಯಂತ್ರಬಂಡಿಗಳಿವೆ, ಮೋಟಾರು ಟ್ರಾಲಿಗಳೂ ಇವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಹೊತ್ತ ಉದ್ದನೆಯ ಗಾಡಿಗಳು ಬರುವಾಗ ತಳ್ಳುವ ಟ್ರಾಲಿ ಇನ್ನೂ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಗಾಡಿ ದಾಟಿದ ಮೇಲೆ ಮತ್ತೆ ನಾಲ್ವರು ಬಾಗುತ್ತಾರೆ.